ಗೊಬ್ಬರ ಹಾಕಿದರೂ ಸಾವಯವ ಇಂಗಾಲ ಏರುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ನಾಲ್ಕೈದು ವರ್ಷದಿಂದ ಬಿಡದೆ ಕೊಟ್ಟಿಗೆ ಗೊಬ್ಬರ ಹಾಕಿದ್ದೀರಿ. ನಡುವೆ ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿದ್ದೀರಿ. ಆದರೂ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ, ಅಂದರೆ ಗಿಡಗಂಟೆ, ಸಗಣಿ ಕೊಳೆತು ಮಣ್ಣಲ್ಲಿ ಉಳಿದ ಇಂಗಾಲ, ನೂರಕ್ಕೆ 0.4ರ ಆಸುಪಾಸಿನಲ್ಲೇ ನಿಂತಿದೆ. ಪಕ್ಕದಲ್ಲಿ ‘ಕಡಿಮೆ’ ಅಂತ ಬರೆದಿದೆ. ಕೆಲವರಿಗೆ ಹಿಂದಿನ ಸಲಕ್ಕಿಂತ ಇಳಿದೇ ಬಂದಿರುತ್ತದೆ.

ಹೀಗಾದಾಗ ಹೆಚ್ಚಿನವರು ನೇರವಾಗಿ ಅಂಗಡಿಗೆ ಹೋಗಿ ‘ಇಂಗಾಲ ಏರಿಸುವ’ ಡಬ್ಬಿ ತರುತ್ತಾರೆ. ದಯವಿಟ್ಟು ಬೇಡ. ದುಡ್ಡು ಬಿಚ್ಚುವ ಮೊದಲು ನಾಲ್ಕು ಕಡೆ ನೋಡಬೇಕು, ಅದೂ ಇದೇ ಕ್ರಮದಲ್ಲಿ. ಅಂಕಿ ನಂಬುವಂಥದ್ದೇ? ಒಳಗೆ ಹೋಗುತ್ತಿರುವುದು ಎಷ್ಟು? ಹೊರಗೆ ಹೋಗುತ್ತಿರುವುದು ಎಲ್ಲಿಂದ? ಉಳಿದದ್ದನ್ನು ಹಿಡಿದಿಡಲು ಆ ಮಣ್ಣಿಗೆ ಆಗುತ್ತದೆಯೇ? ಬಹಳ ಸಲ ಮೊದಲ ಎರಡು ಪ್ರಶ್ನೆಯಲ್ಲೇ ಉತ್ತರ ಸಿಗುತ್ತದೆ. ಅದಕ್ಕೇ ಇಲ್ಲಿ ಅವುಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಇದು ಮುಖ್ಯವಾಗಿ ಕರ್ನಾಟಕದ ಬಯಲುಸೀಮೆಗೆ: ಕೆಂಪು ಮಣ್ಣು, ಮಸಾರಿ, ಎರೆ ಭೂಮಿ. ಮಲೆನಾಡಿನ ಜಮೀನಿಗೆ ಬೇರೆ ಕಾರಣಗಳಿವೆ, ಅದನ್ನು ಮುಂದೆ ಬೇರೆಯಾಗಿ ಹೇಳಿದ್ದೇನೆ.

ಮೊದಲು ಅಂಕಿಯನ್ನೇ ಪರೀಕ್ಷೆ ಮಾಡಿ

ಚೀಟಿಯಲ್ಲಿರುವ ಅಂಕಿ ಯಾರ ಮಣ್ಣಿನದು? ಮಣ್ಣು ಆರೋಗ್ಯ ಚೀಟಿ ಯೋಜನೆ 2015ರ ಫೆಬ್ರವರಿಯಲ್ಲಿ ಶುರುವಾದಾಗ ಮಾದರಿ ತೆಗೆದದ್ದು ಗ್ರಿಡ್ ಲೆಕ್ಕದಲ್ಲಿ, ಅಂದರೆ ಜಮೀನನ್ನು ಚೌಕಗಳಾಗಿ ಭಾಗಿಸಿ ಚೌಕಕ್ಕೊಂದರಂತೆ. ನೀರಾವರಿ ಇದ್ದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆ ನಂಬಿದ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ಅಷ್ಟರಲ್ಲಿ ಐದಾರು ಮನೆಯವರ ಹೊಲ ಇರಬಹುದು. ಹಾಗಾಗಿ ಹಳೆಯ ಚೀಟಿಯ ಮಣ್ಣು ಪಕ್ಕದವರ ಹೊಲದ್ದೂ ಆಗಿರಬಹುದು. ಆ ಚೀಟಿಯನ್ನೂ ನೀವೇ ತೆಗೆದುಕೊಟ್ಟ ಹೊಸ ಮಾದರಿಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ‘ಇಳಿಯಿತು’ ಅನ್ನುವುದಕ್ಕೆ ಅರ್ಥ ಇಲ್ಲ.

ಎರಡನೆಯದು, ಲ್ಯಾಬಿನಲ್ಲಿ ಯಾವ ವಿಧಾನ ಬಳಸಿದರು ಅನ್ನುವುದು. ನಮ್ಮಲ್ಲಿ ಹೆಚ್ಚಿನ ಕಡೆ ನಡೆಯುವುದು 1934ರಲ್ಲಿ ಬಂದ ವಾಕ್ಲಿ–ಬ್ಲ್ಯಾಕ್ ವಿಧಾನ. ಅರ್ಧ ಅಥವಾ ಒಂದು ಗ್ರಾಂ ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಹಾಕುತ್ತಾರೆ. ಆಮ್ಲ ಬೆರೆತಾಗ ಹುಟ್ಟುವ ಬಿಸಿಯಲ್ಲೇ ಇಂಗಾಲ ಉರಿಯಬೇಕು. ಆ ಬಿಸಿಗೆ ಎಲ್ಲ ಇಂಗಾಲ ಉರಿಯುವುದಿಲ್ಲ, ಸರಾಸರಿ ನೂರಕ್ಕೆ 77ರಷ್ಟು ಮಾತ್ರ ಸಿಗುತ್ತದೆ. ಅದನ್ನು ಸರಿದೂಗಿಸಲು ಕೆಲವು ಲ್ಯಾಬುಗಳು 1.3ರಿಂದ ಗುಣಿಸುತ್ತವೆ, ಕೆಲವು ಗುಣಿಸುವುದಿಲ್ಲ. 0.40 ಇದ್ದದ್ದು ಗುಣಿಸಿದ ಕೂಡಲೇ 0.52 ಆಗುತ್ತದೆ. ನಮ್ಮ ಚೀಟಿಯಲ್ಲಿ 0.5ಕ್ಕಿಂತ ಕೆಳಗೆ ‘ಕಡಿಮೆ’, 0.5ರಿಂದ 0.75 ‘ಮಧ್ಯಮ’, ಅದಕ್ಕಿಂತ ಮೇಲೆ ‘ಹೆಚ್ಚು’. ಅಂದರೆ ಹೊಲದಲ್ಲಿ ಏನೂ ಬದಲಾಗದೆ, ಬರೀ ಲ್ಯಾಬ್ ಬದಲಾಗಿ, ನಿಮ್ಮ ಮಣ್ಣು ‘ಕಡಿಮೆ’ಯಿಂದ ‘ಮಧ್ಯಮ’ಕ್ಕೆ ಹೋಗಬಹುದು. ಹಾಗೆಯೇ ಹಿಂದಕ್ಕೂ ಬರಬಹುದು.

ಇನ್ನು ಕೆಲವು ಖಾಸಗಿ ಲ್ಯಾಬುಗಳು ಸಾವಯವ ಇಂಗಾಲದ ಬದಲು ಸಾವಯವ ವಸ್ತುವಿನ ಅಂಕಿ ಕೊಡುತ್ತವೆ. ಅದು ಇಂಗಾಲದ 1.724 ಪಟ್ಟು ಅಂತ ಲೆಕ್ಕ. 0.40 ಇಂಗಾಲ ಅಲ್ಲಿ 0.69 ಆಗಿ ಕಾಣುತ್ತದೆ. ಚೀಟಿಯಲ್ಲಿ ಯಾವುದು ಬರೆದಿದೆ ಅಂತ ಸರಿಯಾಗಿ ಓದಿ. ಅರ್ಥ ಆಗದಿದ್ದರೆ ಫೋನ್ ಮಾಡಿ ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ ಅಲ್ವಾ?

ಎರೆ ಭೂಮಿಯವರಿಗೆ ಇನ್ನೊಂದು ಎಚ್ಚರಿಕೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಎರೆಯಲ್ಲಿ ಸುಣ್ಣದ ಹರಳು ಇರುವುದು ಸಾಮಾನ್ಯ. ಸುಣ್ಣದ ಹರಳಿನ ತೂಕದಲ್ಲಿ ನೂರಕ್ಕೆ 12 ಭಾಗ ಇಂಗಾಲವೇ, ಆದರೆ ಅದು ಗಿಡಗಂಟೆಯಿಂದ ಬಂದದ್ದಲ್ಲ, ಖನಿಜದ್ದು. ಮಣ್ಣಲ್ಲಿ ನೂರಕ್ಕೆ 10ರಷ್ಟು ಸುಣ್ಣ ಇದ್ದರೆ ಅದರಿಂದಲೇ 1.2ರಷ್ಟು ಇಂಗಾಲ ಆಯಿತು. ವಾಕ್ಲಿ–ಬ್ಲ್ಯಾಕ್ ವಿಧಾನ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಣ್ಣನ್ನು ಪೂರ್ತಿ ಸುಟ್ಟು ಅಳೆಯುವ ಯಂತ್ರ ಹಿಡಿಯುತ್ತದೆ, ಸುಣ್ಣವನ್ನು ಮೊದಲೇ ಆಮ್ಲದಿಂದ ತೆಗೆಯದಿದ್ದರೆ. ಎರೆ ಹೊಲಕ್ಕೆ ಇದ್ದಕ್ಕಿದ್ದಂತೆ 1.6 ಅಂತ ಬಂದರೆ ಖುಷಿಪಡುವ ಮೊದಲು ಇದನ್ನು ವಿಚಾರಿಸಿ. ಉಪ್ಪು ಮೇಲೆದ್ದ ಜಮೀನಿನಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿನ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ಬಳಸಿಕೊಳ್ಳುವುದರಿಂದ ವಾಕ್ಲಿ–ಬ್ಲ್ಯಾಕ್ ಅಂಕಿಯೇ ಸುಳ್ಳಾಗಿ ಏರುತ್ತದೆ.

ಬಯೋಚಾರ್, ಅಂದರೆ ಗೊಬ್ಬರಕ್ಕೆಂದೇ ಮಾಡಿದ ಇದ್ದಿಲು ಹಾಕಿದವರಿಗೆ ಇದರ ಉಲ್ಟಾ ಆಗುತ್ತದೆ. ಇದ್ದಿಲಿನ ಬಹುಪಾಲು ವಾಕ್ಲಿ–ಬ್ಲ್ಯಾಕಿನಲ್ಲಿ ಉರಿಯುವುದೇ ಇಲ್ಲ. ಮಣ್ಣಲ್ಲಿ ಇದೆ, ಚೀಟಿಯಲ್ಲಿ ಇಲ್ಲ.

ಮಾದರಿ ತೆಗೆದ ರೀತಿ

ಪರೀಕ್ಷೆಗೆ ಹೋಗುವುದು ಒಂದು ಗ್ರಾಂ. ಅದರಲ್ಲಿ ಸಗಣಿ ಗೊಬ್ಬರದ ಒಂದು ಚೂರು ಸೇರಿದರೂ ಅಂಕಿ ಹಾರುತ್ತದೆ. ಗೊಬ್ಬರ ಹರಡಿದ ತಿಂಗಳಿಗೇ ಮಾದರಿ ತೆಗೆದರೆ ಜಾಸ್ತಿ ಬರುತ್ತದೆ, ಮುಂದಿನ ವರ್ಷ ಗೊಬ್ಬರಕ್ಕೆ ಮೊದಲು ತೆಗೆದರೆ ಇಳಿದ ಹಾಗೆ ಕಾಣುತ್ತದೆ. ಇದಕ್ಕೆ ಮದ್ದು ಸರಳ: ಪ್ರತಿ ಸಲವೂ ಕೊಯ್ಲು ಮುಗಿದ ಮೇಲೆ, ಬೇಸಿಗೆ ಉಳುಮೆಗೂ ಗೊಬ್ಬರಕ್ಕೂ ಮೊದಲು, ಅದೇ ತಿಂಗಳಲ್ಲಿ ತೆಗೆಯಿರಿ.

ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕತ್ತರಿಸಬೇಕು. ಸಲಿಕೆಯಲ್ಲಿ ಮೇಲಿನ ಮಣ್ಣು ಕೆರೆದುಕೊಂಡರೆ ಅಂಕಿ ಜಾಸ್ತಿ ಬರುತ್ತದೆ, ಯಾಕೆಂದರೆ ಇಂಗಾಲ ಮೇಲ್ಪದರದಲ್ಲೇ ಹೆಚ್ಚು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ದನ ಕಟ್ಟಿದ ಜಾಗ ಬಿಡಿ. ಎಕರೆಗೆ ಎಂಟು ಹತ್ತು ಕಡೆ ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡುತ್ತಾ ಅರ್ಧ ಕಿಲೋಗೆ ಇಳಿಸಿ. ಗುಂಡಿ ತೆಗೆದ ಜಾಗಗಳನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಡಿ. ಮುಂದಿನ ಸಲ ಅಲ್ಲೇ ತೆಗೆಯಬೇಕು. ಒಂದೇ ಹೊಲದಲ್ಲಿ ಮೇಲಿನ ಮಡಿಗೂ ಕೆಳಗಿನ ಮಡಿಗೂ ಇರುವ ವ್ಯತ್ಯಾಸ ಐದು ವರ್ಷದ ಗೊಬ್ಬರದಿಂದ ಬರುವ ವ್ಯತ್ಯಾಸಕ್ಕಿಂತ ದೊಡ್ಡದಿರುತ್ತದೆ.

ಈ ನಡುವೆ ಡಿಸ್ಕ್ ನೇಗಿಲು ಅಥವಾ ಪಲ್ಟಿ ನೇಗಿಲಲ್ಲಿ ಆಳವಾಗಿ ಉಳುಮೆ ಮಾಡಿಸಿದ್ದರೆ ಅದನ್ನೂ ಬರೆದಿಡಿ. ಕೆಳಗಿನ ಬಡ ಮಣ್ಣು ಮೇಲೆ ಬಂದು ಬೆರೆತರೆ ಮೇಲಿನ 15 ಸೆಂಟಿಮೀಟರಿನ ಅಂಕಿ ಇಳಿಯಲೇಬೇಕು. ಅಲ್ಲಿ ಇಂಗಾಲ ಎಲ್ಲೂ ಹೋಗಿಲ್ಲ, ಕೆಳಗೆ ಇಳಿದಿದೆ ಅಷ್ಟೆ.

ಕೊನೆಯದು, ಮಣ್ಣಿನ ಸಡಿಲ. ನೂರಕ್ಕೆ ಇಷ್ಟು ಅನ್ನುವುದು ತೂಕದ ಲೆಕ್ಕ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಅಂದರೆ ಸುಮಾರು 607 ಘನ ಮೀಟರ್ ಮಣ್ಣು. ಒಂದು ಘನ ಮೀಟರ್ 1.5 ಟನ್ ತೂಗಿದರೆ ಒಟ್ಟು 910 ಟನ್, 0.50ರ ಲೆಕ್ಕದಲ್ಲಿ ಅದರಲ್ಲಿ 4.55 ಟನ್ ಇಂಗಾಲ. ಗೊಬ್ಬರದಿಂದ ಮಣ್ಣು ಸಡಿಲವಾಗಿ ಘನ ಮೀಟರಿಗೆ 1.38 ಟನ್ನಿಗೆ ಬಂತು, ಚೀಟಿ 0.54 ತೋರಿಸಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ 4.52 ಟನ್. ಅಂಕಿ ಏರಿತು, ಇಂಗಾಲ ಅಷ್ಟೇ ಇದೆ. ಕೆಂಪು ಮಣ್ಣಿನಲ್ಲಿ ಗರಸು ಜಾಸ್ತಿ ಇದ್ದರೆ ಇನ್ನೂ ಒಂದು ತಪ್ಪು ಸೇರಿಕೊಳ್ಳುತ್ತದೆ. ಲ್ಯಾಬಿನವರು 2 ಮಿಲಿಮೀಟರ್ ಜರಡಿಯಲ್ಲಿ ಇಳಿದ ಮಣ್ಣನ್ನು ಮಾತ್ರ ಪರೀಕ್ಷಿಸುತ್ತಾರೆ, ಹೊಲದಲ್ಲಿ ಕಾಲುಭಾಗ ಕಲ್ಲಿದ್ದರೂ ಚೀಟಿಗೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ 0.05ರಷ್ಟು ಏರಿಳಿತವನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಅದೇ ಚೀಲದ ಮಣ್ಣನ್ನು ಎರಡು ಸಲ ಕೊಟ್ಟರೂ ಅಷ್ಟು ವ್ಯತ್ಯಾಸ ಬರುತ್ತದೆ.

ಒಳಗೆ ಹೋಗುತ್ತಿರುವುದು ಎಷ್ಟು

ಇಂಗಾಲದ ವಿಷಯದಲ್ಲಿ ಹೊಲವನ್ನು ಒಂದು ಕೆರೆ ಅಂದುಕೊಳ್ಳಿ: ಕಾಲುವೆಯಿಂದ ಒಳಗೆ ಬರುತ್ತಿರುತ್ತದೆ, ತೂಬಿನಿಂದ ಹೊರಗೆ ಹೋಗುತ್ತಿರುತ್ತದೆ, ನಡುವೆ ನಿಂತಿರುವ ಮಟ್ಟವೇ ಚೀಟಿಯ ಅಂಕಿ. ಈಗ ಕಾಲುವೆ ಅಳೆಯೋಣ.

ರಾಗಿಗೆ ಶಿಫಾರಸು ಮಾಡುವಷ್ಟು, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ್ದೀರಿ. ಅದರಲ್ಲಿ ಅರ್ಧ ನೀರು. ಉಳಿದ 2 ಟನ್ನಿನಲ್ಲಿ ಮಣ್ಣು, ಬೂದಿ ಎಲ್ಲ ಸೇರಿರುತ್ತದೆ. ಇಂಗಾಲ ನೂರಕ್ಕೆ 25ರಿಂದ 30 ಅಂದರೂ 500–600 ಕಿಲೋ. ಸೂಕ್ಷ್ಮಜೀವಿಗಳು ಅದನ್ನು ತಿಂದು ಉಸಿರಾಡುತ್ತವೆ, ಹೆಚ್ಚಿನ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನಮ್ಮ ಬಿಸಿಲಿಗೆ ಕೆಲವು ವರ್ಷ ಕಳೆದ ಮೇಲೆ ಉಳಿಯುವುದು ಹತ್ತರಲ್ಲಿ ಒಂದು ಭಾಗ, ಹೆಚ್ಚೆಂದರೆ ಐದರಲ್ಲಿ ಒಂದು. ಅಂದರೆ 50ರಿಂದ 120 ಕಿಲೋ.

ಈಗ ತೂಬು. 0.40 ಇರುವ ಎಕರೆಯಲ್ಲಿ ಸುಮಾರು 3.6 ಟನ್ ಇಂಗಾಲ ಇದೆ. ಅದರಲ್ಲಿ ವರ್ಷಕ್ಕೆ ನೂರಕ್ಕೆ 2ರಿಂದ 3 ಭಾಗ ಕರಗುತ್ತದೆ ಅಂತ ಹಿಡಿದರೂ 70–110 ಕಿಲೋ ಆಯಿತು. ಒಳಗೆ ಬಂದದ್ದೂ ಹೊರಗೆ ಹೋದದ್ದೂ ಹೆಚ್ಚು ಕಡಿಮೆ ಸರಿ ಹೋಯಿತು. ಚೀಟಿಯ ಅಂಕಿ ನಿಂತಲ್ಲೇ ನಿಂತಿದೆ, ಯಾಕೆಂದರೆ ನಿಮ್ಮ ಗೊಬ್ಬರ ಅದನ್ನು ಬೀಳದಂತೆ ಹಿಡಿದು ನಿಲ್ಲಿಸಿದೆ. ಇದನ್ನು ಒತ್ತಿ ಹೇಳಲೇಬೇಕು: ‘ಏನೂ ಆಗಲಿಲ್ಲ’ ಅಂತ ಬೇಜಾರಾಗಿ ಗೊಬ್ಬರ ನಿಲ್ಲಿಸುವವರು ನಿಜವಾಗಿ ನಡೆಯುತ್ತಿದ್ದ ಕೆಲಸವನ್ನೇ ನಿಲ್ಲಿಸುತ್ತಿದ್ದಾರೆ.

ಇದು ಬರೀ ಲೆಕ್ಕದ ಮಾತಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1970ರ ದಶಕದ ಕೊನೆಯಿಂದ ಒಂದೇ ಕೆಂಪು ಮಣ್ಣಿನಲ್ಲಿ ರಾಗಿ ಬೆಳೆದು ನೋಡುತ್ತಿದ್ದಾರೆ. ಏನೂ ಹಾಕದ ತಾಕುಗಳಲ್ಲಿ ಇಂಗಾಲ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕುಗಳಲ್ಲಿ ಇಂಗಾಲವೂ ಇಳುವರಿಯೂ ಬರೀ ರಾಸಾಯನಿಕ ಕೊಟ್ಟ ತಾಕುಗಳಿಗಿಂತ ಚೆನ್ನಾಗಿ ಉಳಿದವು.

ನಿಮ್ಮ ಹೊಲದಲ್ಲೂ ಇದನ್ನು ನೋಡಬಹುದು. ಒಂದು ಅಂಚಿನಲ್ಲಿ ಹತ್ತು ಹನ್ನೆರಡು ಅಡಿ ಅಗಲದ ಪಟ್ಟಿಗೆ ಗೊಬ್ಬರ ಹಾಕದೆ ಬಿಡಿ. ಉಳಿದದ್ದೆಲ್ಲ ಒಂದೇ ರೀತಿ ಇರಲಿ. ನಾಲ್ಕೈದು ವರ್ಷದ ಮೇಲೆ ಎರಡರ ಮಣ್ಣನ್ನೂ ಒಂದೇ ದಿನ, ಒಂದೇ ಲ್ಯಾಬಿಗೆ ಕೊಡಿ. ಹಳೆಯ ಚೀಟಿಗಿಂತ ಈ ಪಟ್ಟಿ ನಿಜ ಹೇಳುತ್ತದೆ.

0.1 ಏರಿಸಬೇಕಾದರೆ ಎಕರೆಗೆ 0.9 ಟನ್ ಇಂಗಾಲ ಉಳಿಯಬೇಕು, ಬರೀ ಹಾಕಿದರೆ ಸಾಲದು. 2015ರಲ್ಲಿ ಪ್ಯಾರಿಸಿನ ಹವಾಮಾನ ಸಮಾವೇಶದ ಹೊತ್ತಿಗೆ ಫ್ರಾನ್ಸ್ ಮುಂದಿಟ್ಟ ಗುರಿ ಕೂಡ ಮಣ್ಣಿನ ಇಂಗಾಲ ವರ್ಷಕ್ಕೆ ಸಾವಿರಕ್ಕೆ ನಾಲ್ಕು ಭಾಗ ಏರಬೇಕು ಅಂತ. ನಮ್ಮ 3.6 ಟನ್ನಿಗೆ ಅದು ಸುಮಾರು 14 ಕಿಲೋ. ಆ ವೇಗದಲ್ಲಿ ಚೀಟಿಯಲ್ಲಿ 0.05 ಕಾಣಲು 30 ವರ್ಷ ಬೇಕು.

ಇದೇ ತಕ್ಕಡಿಯಲ್ಲಿ ಜೀವಾಮೃತವನ್ನೂ ತೂಗಿ ನೋಡಿ. ಎಕರೆಗೆ 200 ಲೀಟರ್. ಅದರಲ್ಲಿ 10 ಕಿಲೋ ಹಸಿ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು. ಎಲ್ಲ ಸೇರಿದರೂ ಇಂಗಾಲ 3 ಕಿಲೋದ ಆಸುಪಾಸು. ಅದರಿಂದ ಬೆಳೆಗೆ ಬೇರೆ ಏನು ಪ್ರಯೋಜನ ಅನ್ನುವುದು ಬೇರೆ ಚರ್ಚೆ. ಇಂಗಾಲದ ಕೊರತೆಯನ್ನು ತುಂಬುವ ಶಕ್ತಿ 3 ಕಿಲೋಗೆ ಇಲ್ಲ. ಅಂಗಡಿಯ ಡಬ್ಬಿಗಳಿಗೂ ಇದೇ ಪರೀಕ್ಷೆ: ಎಕರೆಗೆ ಎಷ್ಟು ಕಿಲೋ, ಅದರಲ್ಲಿ ಇಂಗಾಲ ಎಷ್ಟು ಅಂತ ಕೇಳಿ.

ಹಸಿರೆಲೆ ಗೊಬ್ಬರ ಒಳ್ಳೆಯದೇ, ಆದರೆ ಎಳೆ ಸೆಣಬು, ಡಯಾಂಚ ಬೇಗ ಕೊಳೆಯುತ್ತವೆ. ಮುಂದಿನ ಬೆಳೆಗೆ ಸಾರಜನಕ ಸಿಗುತ್ತದೆ, ಉಳಿಯುವ ಇಂಗಾಲ ಕಡಿಮೆ. ಅದನ್ನು ಇಂಗಾಲಕ್ಕಾಗಿ ಅಂತ ಲೆಕ್ಕ ಹಾಕಿದರೆ ನಿರಾಶೆಯಾಗುತ್ತದೆ.

ಹೊರಗೆ ಹೋಗುವ ದಾರಿಗಳು

ಮೊದಲು ಕೊಚ್ಚಣೆ ನೋಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ಒಂದು ಎಕರೆಯಿಂದ 1 ಮಿಲಿಮೀಟರ್ ಮಣ್ಣು ಹೋದರೆ 6 ಟನ್ ಮಣ್ಣು, 0.40ರ ಲೆಕ್ಕದಲ್ಲಿ 24 ಕಿಲೋ ಇಂಗಾಲ. ಮುಂಗಾರಿನ ಆರಂಭದ ಒಂದು ಜೋರು ಮಳೆಗೆ ಇಳಿಜಾರಿನ ಹೊಲದಲ್ಲಿ 3 ಮಿಲಿಮೀಟರ್ ಹೋದರೆ ಇಡೀ ವರ್ಷದ ಗೊಬ್ಬರದಿಂದ ಉಳಿಯಬೇಕಾದದ್ದು ಹೋದ ಹಾಗೆ. ನೀರು ಮೊದಲು ಎತ್ತಿಕೊಂಡು ಹೋಗುವುದು ಹಗುರವಾದ ಗೊಬ್ಬರದ ಚೂರು, ನುಣುಪಾದ ಜೇಡಿ, ಅಂದರೆ ಇಂಗಾಲ ಜಾಸ್ತಿ ಇರುವ ಭಾಗವನ್ನೇ. ಮಳೆ ಬಂದ ಮರುದಿನ ಬದುವಿನ ಮೂಲೆಗೆ ಹೋಗಿ ನೋಡಿ. ನುಣ್ಣನೆಯ ಕಪ್ಪು ಗೋಡು (ಹೂಳು) ನಿಂತಿದ್ದರೆ ದೋಷ ಸಿಕ್ಕಿತು. ಇಳಿಜಾರಿಗೆ ಅಡ್ಡ ಉಳುಮೆ, ಬದು ಸರಿಪಡಿಸುವುದು, ಬದುವಿನ ಮೇಲೆ ಹುಲ್ಲು. ಇದಾಗದೆ ಗೊಬ್ಬರ ಹೆಚ್ಚಿಸಿ ಉಪಯೋಗ ಇಲ್ಲ.

ಆಮೇಲೆ ಉಳುಮೆ. ಮಣ್ಣಿನ ಕಣಗಳು ಅಂಟಿಕೊಂಡು ಸಣ್ಣ ಸಣ್ಣ ಉಂಡೆಗಳಾಗಿರುತ್ತವೆ. ಅವುಗಳ ಒಳಗೆ ಸಿಕ್ಕಿಕೊಂಡ ಇಂಗಾಲಕ್ಕೆ ಗಾಳಿಯೂ ಸೂಕ್ಷ್ಮಜೀವಿಯೂ ಸುಲಭಕ್ಕೆ ತಲುಪುವುದಿಲ್ಲ. ರೋಟವೇಟರ್ ಆ ಉಂಡೆಗಳನ್ನೇ ಪುಡಿ ಮಾಡುತ್ತದೆ. ಹೊಲ ಹಿಟ್ಟಿನ ಹಾಗೆ ನುಣ್ಣಗಾದಾಗ ನೋಡಲು ಚಂದ, ಇಂಗಾಲಕ್ಕೆ ಕೆಟ್ಟದ್ದು. ಪತ್ತೆ ಮಾಡುವ ಬಗೆ: ಹೊಲದಿಂದ ಒಂದು, ಉಳುಮೆ ಕಾಣದ ಬದುವಿನಿಂದ ಒಂದು, ಕಡಲೆಕಾಳಿನಷ್ಟು ದೊಡ್ಡ ಒಣ ಹೆಂಟೆ ತಂದು ಎರಡು ಲೋಟ ನೀರಿಗೆ ಹಾಕಿ. ಹೊಲದ್ದು ಒಂದೆರಡು ನಿಮಿಷದಲ್ಲಿ ಕುಸಿದು ಹರಡಿ, ಬದುವಿನದು ಗಟ್ಟಿಯಾಗಿ ನಿಂತರೆ ಉಳುಮೆ ಜಾಸ್ತಿಯಾಗಿದೆ ಅಂತ ಅರ್ಥ. ಈ ಪರೀಕ್ಷೆಯಲ್ಲಿ ಬದಲಾವಣೆ ಚೀಟಿಗಿಂತ ಬೇಗ, ಎರಡು ಮೂರು ವರ್ಷದಲ್ಲೇ ಕಾಣುತ್ತದೆ. ಉಳುಮೆ ಪೂರ್ತಿ ಬಿಟ್ಟವರಿಗೂ ಒಂದು ಮಾತು: ಹಾಗೆ ಬಿಟ್ಟಾಗ ಇಂಗಾಲ ಮೇಲಿನ 5 ಸೆಂಟಿಮೀಟರಿನಲ್ಲಿ ಗುಂಪಾಗುತ್ತದೆ. ಮೇಲಿನದನ್ನೇ ಅಳೆದು ಬಹಳ ಏರಿತು ಅಂದುಕೊಳ್ಳಬೇಡಿ, ಕೆಳಗಿನದನ್ನೂ ಅಳೆಯಿರಿ.

ಬೇಸಿಗೆಯ ಬರಿಮಣ್ಣು ಇನ್ನೊಂದು ದಾರಿ. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು, ಕೆಲವೇ ದಿನಗಳಲ್ಲಿ ಬಹಳಷ್ಟು ಇಂಗಾಲವನ್ನು ಗಾಳಿಗೆ ಬಿಡುತ್ತವೆ. ಬರ್ಚ್ ಅನ್ನುವ ವಿಜ್ಞಾನಿ ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಅಳೆದು 1958ರಲ್ಲಿ ಬರೆದರು. ನಮ್ಮ ಬಯಲುಸೀಮೆಯ ಹೊಲದಲ್ಲಿ ಪ್ರತಿ ಮುಂಗಾರಿಗೂ ನಡೆಯುವುದು ಅದೇ. ನೆಲದ ಮೇಲೆ ಹೊದಿಕೆ ಇದ್ದರೆ ಮಣ್ಣು ಅಷ್ಟು ಕಾಯುವುದಿಲ್ಲ, ಅಷ್ಟು ಒಣಗುವುದೂ ಇಲ್ಲ.

ಕಬ್ಬಿನ ರವದಿ, ಅಂದರೆ ಒಣ ಸೋಗೆ ಸುಡುವವರಿಗೆ ಬೇರೆ ಪತ್ತೆ ಬೇಕಾಗಿಲ್ಲ. ಎಕರೆಗೆ 3–4 ಟನ್ ಒಣ ರವದಿ, ಅದರಲ್ಲಿ ಸುಮಾರು ಒಂದೂವರೆ ಟನ್ ಇಂಗಾಲ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕೂಳೆ ಬೆಳೆಗೆ ನೀರೂ ಉಳಿಯುತ್ತದೆ.

ತಿಪ್ಪೆಯಲ್ಲಿ ಇಂಗಾಲದ ಅರ್ಧದಷ್ಟು ಹೋಗುವುದು ಸಹಜ. ಅದಕ್ಕೆ ಚಿಂತೆ ಬೇಡ, ಹೊಲಕ್ಕೆ ಹೋದ ಮೇಲೆ ಹೇಗೂ ಅಷ್ಟು ಹೋಗುತ್ತಿತ್ತು. ಬಿಸಿಲು ಮಳೆಗೆ ತೆರೆದ ತಿಪ್ಪೆಯಿಂದ ಸಾರಜನಕ ಹೋಗುವುದೇ ದೊಡ್ಡ ನಷ್ಟ. ಮುಂದೆ ಹೇಳುವ ಕಾರಣಕ್ಕೆ ಅದು ಇಂಗಾಲಕ್ಕೂ ಪೆಟ್ಟು.

ಮಣ್ಣಿಗೆ ಹಿಡಿದಿಡುವ ಶಕ್ತಿ ಇದೆಯೇ

ಹಿಂದೆ ವಿಜ್ಞಾನಿಗಳು ಕೆಲವು ಇಂಗಾಲದ ವಸ್ತುಗಳು ಸ್ವಭಾವದಿಂದಲೇ ಕೊಳೆಯದಂಥವು, ಅವೇ ಮಣ್ಣಲ್ಲಿ ಉಳಿಯುತ್ತವೆ ಅಂದುಕೊಂಡಿದ್ದರು. ಈಗಿನ ತಿಳಿವಳಿಕೆ ಬೇರೆ. ಇಂಗಾಲ ಉಳಿಯುವುದು ಬಹಳ ಮಟ್ಟಿಗೆ ಅದು ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದರ ಮೇಲೆ. ಸೂಕ್ಷ್ಮಜೀವಿಗಳು ತಿಂದು ಸತ್ತ ಮೇಲೆ ಅವುಗಳ ದೇಹದ ಅಂಶವೇ ಜೇಡಿ ಕಣಕ್ಕೆ, ಕಬ್ಬಿಣದ ಆಕ್ಸೈಡಿಗೆ ಅಂಟಿ ದಶಕಗಟ್ಟಲೆ, ಕೆಲವು ಶತಮಾನಗಟ್ಟಲೆ ಉಳಿಯುತ್ತದೆ. ಜೇಡಿ ಕಣಕ್ಕೆ ಅಂಟದ ಚೂರುಗಳು ಕೆಲವೇ ವರ್ಷದಲ್ಲಿ ಕರಗುತ್ತವೆ.

ಎಷ್ಟು ಕಾಲ ಉಳಿಯಬಲ್ಲದು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿನ ಬಾರ್ಲಿ ಹೊಲದ ಒಂದು ತಾಕಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ದಾಟಿದ ಮೇಲೂ ಆ ತಾಕಿನಲ್ಲಿ ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಇಂಗಾಲ ಜಾಸ್ತಿ ಇತ್ತು. ಅದು ತಂಪು ದೇಶದ ಜೇಡಿ ಮಣ್ಣು. ಕೋಲಾರ, ತುಮಕೂರಿನ ಮರಳು ಮಿಶ್ರಿತ ಕೆಂಪು ಮಣ್ಣಿನಿಂದ ಅಷ್ಟು ನಿರೀಕ್ಷಿಸಬಾರದು.

ನಿಮ್ಮ ಮಣ್ಣಿನಲ್ಲಿ ಜೇಡಿ ಎಷ್ಟು? ಒಂದು ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಕೆಳಗೆ ಕೂತದ್ದು ಮರಳು, ಮರುದಿನದ ಮೇಲೆ ನಿಧಾನಕ್ಕೆ ಕೂರುವುದು ಜೇಡಿ. ಮೇಲಿನ ಜೇಡಿ ಪದರ ತೆಳ್ಳಗಿದ್ದರೆ ಗೊಬ್ಬರದಿಂದ ಮಾತ್ರ ಅಂಕಿ ಏರಿಸುವುದು ಕಷ್ಟ. ಇಲ್ಲಿ ನಮ್ಮ ಹಿರಿಯರ ಪದ್ಧತಿ ವಿಜ್ಞಾನಕ್ಕೆ ಸರಿಯಾಗಿ ಹೊಂದುತ್ತದೆ: ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವುದು. ಗೋಡಿನಲ್ಲಿ ಇಂಗಾಲವೂ ಇದೆ, ಅದಕ್ಕಿಂತ ಮುಖ್ಯವಾಗಿ ಮುಂದೆ ಬರುವ ಇಂಗಾಲವನ್ನು ಹಿಡಿಯುವ ಜೇಡಿ ಇದೆ. ಗೊಬ್ಬರದ ಹಾಗೆ ಈ ಜೇಡಿ ಕರಗಿ ಹೋಗುವುದೂ ಇಲ್ಲ. ಹೊಡೆಸುವ ಮೊದಲು ಗೋಡಿನ ಉಪ್ಪಿನಂಶ ಪರೀಕ್ಷೆ ಮಾಡಿಸಿ. ಪಟ್ಟಣದ ಕೊಳಚೆ ಸೇರುವ ಕೆರೆಯದು ಬೇಡ.

ಇಂಗಾಲಕ್ಕೂ ಸಾರಜನಕ, ರಂಜಕ, ಗಂಧಕ ಬೇಕು

ಮಣ್ಣಲ್ಲಿ ಉಳಿಯುವ ಸಾವಯವ ವಸ್ತುವಿನಲ್ಲಿ ಈ ಪೋಷಕಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿರುತ್ತವೆ. 1 ಟನ್ ಇಂಗಾಲ ಉಳಿಯಬೇಕಾದರೆ ಸುಮಾರು 80 ಕಿಲೋ ಸಾರಜನಕ, 20 ಕಿಲೋ ರಂಜಕ, 14 ಕಿಲೋ ಗಂಧಕ ಅದರ ಜೊತೆ ಕಟ್ಟಿಕೊಳ್ಳಬೇಕು. ಬರೀ ಹುಲ್ಲು, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ತಂದು ಸುರಿದರೆ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ಬೆಳೆಯದ್ದನ್ನೇ ಕಿತ್ತುಕೊಳ್ಳುತ್ತವೆ. ಪೈರು ಹಳದಿಯಾದರೆ ಗುರುತು ಸಿಕ್ಕಿತು. ಹುಲ್ಲಿನ ಇಂಗಾಲವಂತೂ ಗಾಳಿಗೆ ಹೋಗುತ್ತದೆ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ (ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಜೊತೆ ಸೇರಿ ರಾಜ್ಯದ ಜಿಲ್ಲೆಗಳಲ್ಲಿ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತ್ತು. ಹಾಗಾಗಿ ಚೀಟಿಯಲ್ಲಿ ಇಂಗಾಲದ ಸಾಲು ಮಾತ್ರ ನೋಡಬೇಡಿ, ಗಂಧಕದ ಸಾಲನ್ನೂ ನೋಡಿ.

ಮಲೆನಾಡಿನಲ್ಲಿ, ಹೊಸದಾಗಿ ಸಾಗುವಳಿಗೆ ತಂದ ಜಮೀನಿನಲ್ಲಿ

ಇಲ್ಲಿ ಎಷ್ಟು ಗೊಬ್ಬರ ಹಾಕಿದರೂ ಅಂಕಿ ಇಳಿಯುತ್ತಲೇ ಹೋಗಬಹುದು. ಮರ ಇದ್ದ ನೆಲವನ್ನು ಉಳುಮೆಗೆ ತಂದರೆ ಹಳೆಯ ಇಂಗಾಲದ ಕಾಲುಭಾಗದಿಂದ ಅರ್ಧದವರೆಗೆ ಕೆಲವು ದಶಕಗಳಲ್ಲಿ ಹೋಗುತ್ತದೆ. ಮೊದಲ ವರ್ಷಗಳಲ್ಲೇ ಹೆಚ್ಚು. ಶುಂಠಿಗೆ ಆಳವಾಗಿ ಅಗೆದ ಜಮೀನಿನಲ್ಲಿ ಇನ್ನೂ ಬೇಗ. ಜೋಳ, ರಾಗಿ, ಮೆಕ್ಕೆಜೋಳ, ಕಬ್ಬಿನ ಇಂಗಾಲದ ಐಸೊಟೋಪ್ ಗುರುತು (ಹಗುರ ಮತ್ತು ಭಾರದ ಇಂಗಾಲದ ಪರಮಾಣುಗಳ ಪ್ರಮಾಣ) ಮರಗಳದ್ದಕ್ಕಿಂತ ಬೇರೆ ಇರುವುದರಿಂದ, ಕಾಡು ಕಡಿದು ಮೆಕ್ಕೆಜೋಳ ಹಾಕಿದ ನೆಲದಲ್ಲಿ ಕಾಡಿನ ಇಂಗಾಲ ಎಷ್ಟು ಉಳಿದಿದೆ, ಬೆಳೆಯದ್ದು ಎಷ್ಟು ಸೇರಿದೆ ಅಂತ ಪ್ರಯೋಗಾಲಯದಲ್ಲಿ ಬೇರೆ ಮಾಡಿ ಅಳೆಯಬಹುದು. ನೆಲ ಹೊಸ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಇಳಿತ ನಿಲ್ಲುವುದಿಲ್ಲ. ನೆರಳು ಮರ ಉಳಿಸಿಕೊಂಡ ಕಾಫಿ ತೋಟಕ್ಕೂ ಇದಕ್ಕೂ ಹೋಲಿಸಿ ಬೇಜಾರಾಗಬೇಡಿ.

ಯಾವುದನ್ನು ಮೊದಲು ಸರಿಪಡಿಸಬೇಕು

ನನ್ನ ಮಟ್ಟಿಗೆ ಕೊಚ್ಚಣೆ ಮೊದಲು, ಬೇರು ಎರಡನೆಯದು. ‘ಬೆಳೆಯ ಹುಲ್ಲನ್ನೆಲ್ಲ ಹೊಲದಲ್ಲೇ ಬಿಡಿ’ ಅಂತ ಹೇಳುವುದು ಸುಲಭ. ರಾಗಿ ಹುಲ್ಲು, ಜೋಳದ ಕಣಿಕೆ ದನಕ್ಕೆ ಬೇಕು, ದನ ಇದ್ದರೇ ಗೊಬ್ಬರ. ಆದರೆ ಬೇರನ್ನು ಯಾರೂ ಕಿತ್ತೊಯ್ಯುವುದಿಲ್ಲ. ಬೇರಿನ ಇಂಗಾಲ ಮೇಲಿನ ಸೊಪ್ಪು ಕಡ್ಡಿಯದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಕಾಲ ಉಳಿಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಬೆಳೆ ಚೆನ್ನಾಗಿ ಬರುವಂತೆ ಪೋಷಕ ಕೊಡುವುದೇ ಇಂಗಾಲ ಕೊಡುವ ಅಗ್ಗದ ದಾರಿ. ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಬಿಡುವ ಮಿಶ್ರ ಬೆಳೆಯ ಸಾಲಿನಲ್ಲಿ, ತೊಗರಿ, ಅವರೆ ಇದ್ದರೆ ಬೇರು ಆಳಕ್ಕೆ ಹೋಗುತ್ತದೆ, ತೊಗರಿ ಎಲೆ ಉದುರಿ ನೆಲವನ್ನೂ ಮುಚ್ಚುತ್ತದೆ. ಬದುವಿನ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯ), ಹೊಂಗೆ ಬೆಳೆಸಿದರೆ ದನದ ಪಾಲನ್ನು ಮುಟ್ಟದೆ ಸೊಪ್ಪು ಸಿಗುತ್ತದೆ.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ 1976ರಿಂದ ಎರೆ ಭೂಮಿಯಲ್ಲಿ ಮಾಡಿದ್ದು ಬಹುಪಾಲು ಇದೇ: ಅಗಲ ಮಡಿ ಮತ್ತು ಕಾಲುವೆ, ಜೋಳದ ಜೊತೆ ತೊಗರಿ, ಹದವಾದ ರಾಸಾಯನಿಕ ಗೊಬ್ಬರ. ಕಾಲು ಶತಮಾನದ ಹೊತ್ತಿಗೆ ಹಳೆಯ ಪದ್ಧತಿಯ ಜಮೀನಿಗಿಂತ ಅಲ್ಲಿ ಹೆಕ್ಟೇರಿಗೆ ಸುಮಾರು 7 ಟನ್ ಇಂಗಾಲ ಜಾಸ್ತಿ ಇತ್ತು. ಆದರೆ ಅಳೆದದ್ದು 120 ಸೆಂಟಿಮೀಟರ್ ಆಳದವರೆಗೆ. 15 ಸೆಂಟಿಮೀಟರಿನ ಚೀಟಿಯಲ್ಲಿ ಅದರ ಬಹುಪಾಲು ಕಾಣುತ್ತಲೇ ಇರಲಿಲ್ಲ. ತೊಗರಿ ಬೆಳೆಯುವವರು ಸಾಧ್ಯವಾದರೆ 15–30 ಸೆಂಟಿಮೀಟರಿನ ಮಣ್ಣನ್ನೂ ಬೇರೆ ಚೀಲದಲ್ಲಿ ಕೊಡಿ.

ಉಳುಮೆ ಕಡಿಮೆ ಮಾಡುವುದು ಮೂರನೆಯದು, ಗೋಡು ನಾಲ್ಕನೆಯದು. ಗೊಬ್ಬರದ ಪ್ರಮಾಣ ಹೆಚ್ಚಿಸುವುದು ಇವೆಲ್ಲದರ ನಂತರ.

ಮತ್ತೆ ಪರೀಕ್ಷೆ, ಮತ್ತು ಕಾರ್ಬನ್ ದುಡ್ಡಿನ ಮಾತು

ವರ್ಷ ವರ್ಷ ಇಂಗಾಲದ ಪರೀಕ್ಷೆ ಬೇಡ, ಐದು ವರ್ಷಕ್ಕೊಮ್ಮೆ ಸಾಕು. ನಡುವಿನ ವರ್ಷಗಳಲ್ಲಿ ಹೆಂಟೆ ಪರೀಕ್ಷೆ, ಮಳೆ ನೀರು ಎಷ್ಟು ಬೇಗ ಇಂಗುತ್ತದೆ, ಬದುವಿನ ಮೂಲೆಯಲ್ಲಿ ಗೋಡು ನಿಲ್ಲುವುದು ಕಡಿಮೆಯಾಯಿತೇ ಅಂತ ನೋಡಿಕೊಳ್ಳಿ.

ಈಗೀಗ ಮಣ್ಣಿನ ಇಂಗಾಲಕ್ಕೆ ದುಡ್ಡು ಕೊಡುತ್ತೇವೆ ಅಂತ ಬರುವವರೂ ಇದ್ದಾರೆ. ಸಹಿ ಹಾಕುವ ಮೊದಲು ಕೇಳಬೇಕಾದದ್ದು ಮೇಲಿನ ಪ್ರಶ್ನೆಗಳನ್ನೇ: ಎಷ್ಟು ಆಳದವರೆಗೆ ಅಳೆಯುತ್ತೀರಿ? ಯಾವ ವಿಧಾನ? ಘನ ಮೀಟರಿನ ತೂಕ ಪ್ರತಿ ಸಲ ನೋಡುತ್ತೀರಾ? ನನ್ನ ಹೊಲದಲ್ಲೇ ಗುಂಡಿ ತೆಗೆಯುತ್ತೀರಾ, ಇಲ್ಲ ಕಂಪ್ಯೂಟರ್ ಲೆಕ್ಕವೇ? ಬರ ಬಂದು ಇಂಗಾಲ ಇಳಿದರೆ ದುಡ್ಡು ವಾಪಸ್ ಕೇಳುತ್ತೀರಾ? ಒಪ್ಪಂದ ಎಷ್ಟು ವರ್ಷದ್ದು, ಅಷ್ಟು ವರ್ಷ ಜಮೀನು ಗುತ್ತಿಗೆಗೆ ಕೊಡಬಹುದೇ? ಉತ್ತರಗಳನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೊಡಲು ಹೇಳಿ.